ಸರ್ವರ್ ಬದಲಿಸಿದ ಮೇಲೆ ಫೈಲ್ ಅಪ್‌ಲೋಡ್ ತೊಂದರೆಯಾ? ಇಲ್ಲಿ ಕೇಳಿ

ನಿರ್ವಾಹಕರು: ತುಮಕೂರಿನ ಸರ್ವರ್ ಇಂಜಿನಿಯರ್ ಮೇಡಂ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಪಿಎಚ್‌ಪಿ (ಸರ್ವರಿನಲ್ಲಿ ಓಡುವ ಪ್ರೋಗ್ರಾಂ ಭಾಷೆ) ಸೈಟನ್ನು ಹೊಸ ಸರ್ವರಿಗೆ ತಂದ ಮೇಲೆ ಅಪ್‌ಲೋಡ್ ಕೈಕೊಟ್ಟಿದ್ದರೆ ಕೇಳಿ.

ತಿಪಟೂರು: ನಮಸ್ಕಾರ ಮೇಡಂ. ಕೊಬ್ಬರಿ ಮಂಡಿಯ ಸೈಟು. ಅಪಾಚೆಯಿಂದ ಎಂಜಿನ್‌ಎಕ್ಸ್‌ಗೆ ತಂದೆವು (ಎರಡೂ ವೆಬ್ ಸರ್ವರ್ ಸಾಫ್ಟ್‌ವೇರ್). ಬಿಲ್ಲಿನ ಫೋಟೊ ಹಾಕಿದರೆ 413 ಎರರ್ ಬರುತ್ತದೆ. ಪಿಎಚ್‌ಪಿ ಮಿತಿ 20 ಎಂಬಿ ಇದೆ.

ಮೇಡಂ: ನಮಸ್ಕಾರ. 413 ಅಂದರೆ ಕಳಿಸಿದ್ದು ಮಿತಿಗಿಂತ ದೊಡ್ಡದು. ಫೈಲ್ ಪಿಎಚ್‌ಪಿ ತನಕ ಹೋಗುತ್ತಲೇ ಇಲ್ಲ. ನಾವು ಏನೂ ಹೇಳದಿದ್ದರೆ ಎಂಜಿನ್‌ಎಕ್ಸ್ 1 ಎಂಬಿಗೇ ತಡೆಯುತ್ತದೆ. ಅದರ ಕಾನ್ಫಿಗ್‌ನಲ್ಲಿ (ಸೆಟ್ಟಿಂಗ್ ಫೈಲಿನಲ್ಲಿ) ‘ಕ್ಲೈಂಟ್_ಮ್ಯಾಕ್ಸ್_ಬಾಡಿ_ಸೈಜ್’ 25 ಎಂಬಿ ಮಾಡಿ, ಎಂಜಿನ್‌ಎಕ್ಸ್‌ಗೆ ರೀಲೋಡ್ ಕೊಡಿ. ಪಿಎಚ್‌ಪಿಯಲ್ಲೂ ಎರಡು ಮಿತಿ ಇವೆ. ನಾವು ಬದಲಿಸದಿದ್ದರೆ ಒಂದು ಫೈಲಿಗೆ 2 ಎಂಬಿ, ಇಡೀ ಫಾರಂಗೆ 8 ಎಂಬಿ. ಎರಡೂ ಏರಿವೆಯಾ ನೋಡಿ, ಇಲ್ಲದಿದ್ದರೆ ಏರಿಸಿ. ಫಾರಂ ಮಿತಿ ಮೀರಿದರೆ ತುಂಬಿದ ಹೆಸರು, ನಂಬರು ಕೂಡ ಖಾಲಿ ಬರುತ್ತವೆ.

ಶಿರಾ: ನನಗೂ 413 ಬರುತ್ತಿದೆ ಮೇಡಂ.

ಮೇಡಂ: ಮೇಲೆ ನೋಡಿ.

ಕೋಲಾರ: ಮೇಡಂ, ಹಾಸ್ಟೆಲ್ ಅರ್ಜಿಯ ಸೈಟು. ಮಕ್ಕಳ ಅಂಕಪಟ್ಟಿ, ಆಧಾರ್ ಪ್ರತಿ ಅಪ್‌ಲೋಡ್ಸ್ ಫೋಲ್ಡರಿನಲ್ಲಿವೆ. ಹೋದ ವಾರ ಎಂಜಿನ್‌ಎಕ್ಸ್‌ಗೆ ಬಂದೆವು. ಎಲ್ಲ ಚೆನ್ನಾಗಿದೆ, ಆದರೆ ಲಾಗಿನ್ ಆಗದೆಯೂ ಫೈಲಿನ ಲಿಂಕ್ ತೆರೆಯುತ್ತಿದೆ. ಅಪಾಚೆಯಲ್ಲಿ ಹೀಗಿರಲಿಲ್ಲ.

ಮೇಡಂ: ಓದಿ ಗಾಬರಿಯಾಯಿತು. ಉಳಿದ ಕೆಲಸ ಬಿಟ್ಟು ಇದನ್ನು ಮೊದಲು ಮಾಡಿ. ಹಳೇ ಸರ್ವರಿನ ಆ ಫೋಲ್ಡರಿನಲ್ಲಿ ‘.ಎಚ್‌ಟಿಆಕ್ಸೆಸ್’ ಅನ್ನುವ ಫೈಲ್ ಇದ್ದಿರಬೇಕು. ಅಷ್ಟು ದಿನ ಹೊರಗಿನವರನ್ನು ತಡೆದದ್ದು ಅದೇ. ಎಂಜಿನ್‌ಎಕ್ಸ್ ಅದನ್ನು ಓದುವುದೇ ಇಲ್ಲ. ಆ ಫೋಲ್ಡರಿನಲ್ಲಿ ಪಿಎಚ್‌ಪಿ ಓಡಬಾರದು ಅಂತ ಅದೇ ಫೈಲಿನಲ್ಲಿ ಬರೆದಿದ್ದರೆ ಆ ತಡೆಯೂ ಹೋಯಿತು. ಫೋಟೊ ಹಾಕುವ ಜಾಗದಲ್ಲಿ ಯಾರಾದರೂ ಪಿಎಚ್‌ಪಿ ಫೈಲ್ ಹಾಕಿ, ನಿಮ್ಮ ಸರ್ವರಿನಲ್ಲೇ ಓಡಿಸಬಹುದು.

ಈಗಲೇ ಕಾನ್ಫಿಗ್‌ನಲ್ಲಿ ‘/ಅಪ್‌ಲೋಡ್ಸ್/’ಗೆ ಲೊಕೇಶನ್ ಬ್ಲಾಕ್ (ಆ ವಿಳಾಸಕ್ಕೆ ಅನ್ವಯಿಸುವ ಸೂಚನೆ) ಬರೆದು ಒಳಗೆ ‘ಡಿನೈ ಆಲ್’ (ಎಲ್ಲರನ್ನೂ ತಡೆ) ಹಾಕಿ. ‘/ಅಪ್‌ಲೋಡ್ಸ್/’ಗಿಂತ ಮೊದಲು ‘^~’ ಗುರುತು ಹಾಕಲು ಮರೆಯಬೇಡಿ. ಅದಿಲ್ಲದಿದ್ದರೆ ಪಿಎಚ್‌ಪಿ ಫೈಲುಗಳು ರೆಜೆಕ್ಸ್ ಬ್ಲಾಕಿಗೆ (ಹೆಸರಿನ ಮಾದರಿ ನೋಡಿ ಪಿಎಚ್‌ಪಿ ಓಡಿಸುವ ಸೂಚನೆಗೆ) ಹೋಗಿ ಓಡಿಬಿಡುತ್ತವೆ. ಸದ್ಯಕ್ಕೆ ಸಿಬ್ಬಂದಿಗೂ ಫೈಲ್ ಕಾಣುವುದಿಲ್ಲ, ಪರವಾಗಿಲ್ಲ. ನಾಳೆ ಆ ಫೋಲ್ಡರನ್ನೇ ವೆಬ್‌ರೂಟಿನ (ಸೈಟಿನ ಮೂಲಕ ನೇರ ತೆರೆಯಬಹುದಾದ ಫೋಲ್ಡರಿನ) ಹೊರಗಿಡಿ. ಲಾಗಿನ್ ನೋಡಿದ ಮೇಲೆ ಪಿಎಚ್‌ಪಿ ‘ಎಕ್ಸ್-ಆಕ್ಸೆಲ್-ರೀಡೈರೆಕ್ಟ್’ ಹೆಡರ್ ಕಳಿಸಲಿ, ಎಂಜಿನ್‌ಎಕ್ಸ್ ಫೈಲ್ ಕೊಡುತ್ತದೆ.

ಆಕ್ಸೆಸ್ ಲಾಗ್ (ಯಾರು ಏನು ತೆರೆದರು ಅನ್ನುವ ದಾಖಲೆ) ಅಳಿಸಬೇಡಿ. ಅಪ್‌ಲೋಡ್ಸ್‌ಗೆ 200 (ಫೈಲ್ ಕೊಟ್ಟಾಯಿತು ಅಂತ) ಬಿದ್ದಿರುವ ಸಾಲುಗಳನ್ನು ತೆಗೆದು ನೋಡಿ. ಫೋಲ್ಡರಿನಲ್ಲಿ ಪಿಎಚ್‌ಪಿ ಫೈಲ್ ಇದೆಯಾ ಹುಡುಕಿ. ನೋಡಿ ಬಂದು ಹೇಳಿ, ಕಾಯುತ್ತಿರುತ್ತೇನೆ.

ಚಿಂತಾಮಣಿ: ಬೇರೆ ಗುಂಪಿನಿಂದ ಬಂದದ್ದು: ‘ಅಪ್‌ಲೋಡ್ ಆಗದಿದ್ದರೆ ಫೋಲ್ಡರಿಗೆ 777 ಕೊಡಿ, ಎಲ್ಲ ಸರಿಹೋಗುತ್ತದೆ. ಎಲ್ಲರಿಗೂ ಕಳಿಸಿ.’

ಮೇಡಂ: ಯಾರಿಗೂ ಕಳಿಸಬೇಡಿ. 777 ಅಂದರೆ ಓದಲು, ಬರೆಯಲು, ಓಡಿಸಲು ಎಲ್ಲರಿಗೂ ಅನುಮತಿ. ಅದನ್ನು ಕೊಟ್ಟರೆ ಆ ಸರ್ವರಿನ ಯಾವ ಬಳಕೆದಾರ ಬೇಕಾದರೂ ಅಲ್ಲಿ ಬರೆಯಬಹುದು. ಇಂಥ ಮೆಸೇಜ್ ನಂಬಿ ಕೆಟ್ಟ ಸೈಟುಗಳನ್ನು ನಾನೇ ಕೂತು ಸರಿಮಾಡಿದ್ದೇನೆ. ಫೋಲ್ಡರ್ ಯಾರ ಹೆಸರಿನಲ್ಲಿದೆ ನೋಡಿ. ಉಬುಂಟುವಿನಲ್ಲಿ ಪಿಎಚ್‌ಪಿ ಸಾಮಾನ್ಯವಾಗಿ ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’ ಹೆಸರಿನಲ್ಲಿ ಓಡುತ್ತದೆ. ಫೋಲ್ಡರನ್ನು ಆ ಹೆಸರಿಗೆ ಮಾಡಿ. ಅನುಮತಿ 750 ಸಾಕು, ಅದರಲ್ಲಿ ಹೊರಗಿನ ಬಳಕೆದಾರರಿಗೆ ಏನೂ ಇರುವುದಿಲ್ಲ.

ಚಿಂತಾಮಣಿ: ನಮ್ಮಲ್ಲಿ ಮೂರು ವರ್ಷದಿಂದ 777 ಇದೆ. ಏನೂ ಆಗಿಲ್ಲ.

ಗುಬ್ಬಿ: ಏನೂ ಆಗಿಲ್ಲ ಅಂತ ಹೇಗೆ ಗೊತ್ತು? ಲಾಗ್ ನೋಡಿದ್ದೀರಾ?

ಚಿಂತಾಮಣಿ: ಕೆಲಸ ಆಗುವುದು ಮುಖ್ಯ ಅಲ್ವಾ ಸ್ವಾಮಿ? ಗಿರಾಕಿ ಫೋನ್ ಮಾಡಿ ಬೈಯುವಾಗ ನೀವು ಬರುತ್ತೀರಾ?

ಗುಬ್ಬಿ: ಗಿರಾಕಿ ದುಡ್ಡು ಕೊಟ್ಟಿರುವುದು ಬಾಗಿಲು ತೆಗೆದಿಡುವುದಕ್ಕಲ್ಲ.

ಚಿಂತಾಮಣಿ: ನೋಡಿಕೊಂಡು ಮಾತಾಡಿ.

ನಿರ್ವಾಹಕರು: ಇಬ್ಬರೂ ನಿಲ್ಲಿಸಿ.

ಶಿಡ್ಲಘಟ್ಟ: ವಿಂಡೋಸ್ ಸರ್ವರಿನಿಂದ ಲಿನಕ್ಸ್‌ಗೆ ತಂದ ಮೇಲೆ ರೇಷ್ಮೆಗೂಡಿನ ಅರ್ಧ ಫೋಟೊ ಕಾಣುತ್ತಿಲ್ಲ. ಫೈಲ್ ಮಾತ್ರ ಎಲ್ಲ ಇವೆ.

ಮೇಡಂ: ಹೆಸರಿನ ಇಂಗ್ಲಿಷ್ ಅಕ್ಷರ ದೊಡ್ಡದೋ ಸಣ್ಣದೋ ನೋಡಿ. ವಿಂಡೋಸ್‌ಗೆ ಎರಡೂ ಒಂದೇ, ಲಿನಕ್ಸ್‌ಗೆ ಬೇರೆ ಬೇರೆ. ಡೇಟಾಬೇಸಿನಲ್ಲಿ ಇರುವ ಹಾಗೇ ಫೈಲಿನ ಹೆಸರೂ ಇರಬೇಕು.

ಗೌರಿಬಿದನೂರು: ಕನ್ನಡದಲ್ಲಿ ಹೆಸರಿಟ್ಟ ಪಿಡಿಎಫ್‌ಗಳು ಪ್ರಶ್ನೆ ಗುರುತುಗಳಾಗಿ ಕಾಣುತ್ತಿವೆ. ಏನು ಮಾಡಲಿ?

ಶಿರಾ: 413 ಹೋಗಲಿಲ್ಲ.

ಮೇಡಂ: ರೀಲೋಡ್ ಕೊಟ್ಟಿರಾ? ಬರೆದಿದ್ದೇನಲ್ಲ.

ಶಿರಾ: ಸ್ವಲ್ಪ ಸಮಾಧಾನವಾಗಿ ಹೇಳಬಹುದು.

ಚಿಂತಾಮಣಿ: ಅದನ್ನೇ ನಾನೂ ಹೇಳುತ್ತಿರುವುದು.

ಕೋಲಾರ: ಮೇಡಂ, ಬ್ಲಾಕ್ ಹಾಕಿದೆವು. ಲಿಂಕ್ ಈಗ 403 (ಅನುಮತಿ ಇಲ್ಲ ಅಂತ) ತೋರಿಸುತ್ತಿದೆ. ಪಿಎಚ್‌ಪಿ ಫೈಲ್ ಸಿಗಲಿಲ್ಲ. ಆದರೆ ನಮ್ಮದಲ್ಲದ ಒಂದು ಐಪಿಗೆ ಮೊನ್ನೆ ರಾತ್ರಿ 40 ಫೈಲ್ ಹೋಗಿವೆ.

ಮೇಡಂ: ಆ ಸಾಲುಗಳನ್ನು ಬೇರೆ ಕಡೆ ಕಾಪಿ ಮಾಡಿಡಿ. ಯಾವ ಮಕ್ಕಳ ಫೈಲ್ ಅಂತ ಪಟ್ಟಿ ಮಾಡಿ, ಹಾಸ್ಟೆಲಿನವರಿಗೆ ಈಗಲೇ ತಿಳಿಸಿ. ಮಾಹಿತಿ ಸೋರಿದ್ದು ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್‌ಗೆ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಗೆ) ವರದಿ ಮಾಡಬೇಕು ಅಂತ 2022ರ ಏಪ್ರಿಲ್ ನಿರ್ದೇಶನವಿದೆ. ಐಪಿ, ಹೆಸರು ಏನನ್ನೂ ಇಲ್ಲಿ ಹಾಕಬೇಡಿ. ನನಗೆ ಫೋನ್ ಮಾಡಿ.