ಲಿವರ್ ಕ್ಯಾನ್ಸರ್ ವಾಪಸ್ ಬರುತ್ತಾ? ಸಿಟಿ ನೋಡಿ ಹೇಳುವ ಮಾಡೆಲ್ ಹೊರಗಿನ ಡೇಟಾದಲ್ಲಿ ಮಕಾಡೆ ಮಲಗುತ್ತಿದೆ

ಎಂಟೆಕ್_ಪರದಾಟ:
ನಮಸ್ಕಾರ. ಪ್ರಾಜೆಕ್ಟ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಎಚ್‌ಸಿಸಿ (ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್) ಗಡ್ಡೆ ತೆಗೆಸಿಕೊಂಡ ಪೇಶೆಂಟ್‌ಗಳಿಗೆ 2 ವರ್ಷದೊಳಗೆ ಕಾಯಿಲೆ ಮತ್ತೆ ಬರುತ್ತಾ ಅಂತ ಆಪರೇಷನ್‌ಗೆ ಮುಂಚಿನ ಸಿಟಿಯಿಂದ ಊಹಿಸಬೇಕು. ಪೈರೇಡಿಯೋಮಿಕ್ಸ್ ಅನ್ನುವ ಪೈಥಾನ್ ಲೈಬ್ರರಿಯಲ್ಲಿ ಫೀಚರ್ (ಸ್ಕ್ಯಾನ್‌ನ ಅಳತೆಗಳು) ತೆಗೆದು, ಕೆಲಸಕ್ಕೆ ಬರುವವನ್ನು ಲ್ಯಾಸೋದಲ್ಲಿ ಆರಿಸಿ, ರ‍್ಯಾಂಡಮ್ ಫಾರೆಸ್ಟ್ ಮಾಡೆಲ್‌ಗೆ ಕೊಟ್ಟಿದ್ದೇನೆ. ಕ್ರಾಸ್ ವ್ಯಾಲಿಡೇಷನ್‌ನಲ್ಲಿ (ನಮ್ಮದೇ ಡೇಟಾ ಭಾಗ ಮಾಡಿ ಪರೀಕ್ಷಿಸಿದಾಗ) ಎಯುಸಿ (1 ಅಂದರೆ ಪೂರ್ತಿ ಸರಿ, 0.5 ಅಂದರೆ ಬರೀ ಅಂದಾಜು) 0.9 ದಾಟುತ್ತದೆ. ಬೇರೆ ಆಸ್ಪತ್ರೆಯ ಸ್ಕ್ಯಾನ್ ಕೊಟ್ಟರೆ 0.5 ಹತ್ತಿರ, ಅಂದರೆ ಏನೂ ಕಲಿತಿಲ್ಲ. ಎಲ್ಲಿ ನೋಡಲಿ?

ಪೈಥಾನ್_ಮಾವ:
ಲ್ಯಾಸೋ ಓಡಿಸಿದ್ದು ಡೇಟಾ ಭಾಗ ಮಾಡುವ ಮೊದಲಾ, ಆಮೇಲಾ? ಮೊದಲೇ ಆದರೆ ಪರೀಕ್ಷೆಗೆ ಮುಂಚೆ ಪ್ರಶ್ನೆಪತ್ರಿಕೆ ತೋರಿಸಿದ ಹಾಗಾಯ್ತು. ಸ್ಕೇಲಿಂಗ್, ಲ್ಯಾಸೋ ಎರಡನ್ನೂ ಸೈಕಿಟ್‌ಲರ್ನ್ ಪೈಪ್‌ಲೈನ್ ಒಳಗೆ ಹಾಕಿ, ಆಗ ಅವು ಪ್ರತಿ ಸಲ ತರಬೇತಿಯ ಭಾಗವನ್ನು ಮಾತ್ರ ನೋಡುತ್ತವೆ. ಒಬ್ಬರಿಗೆ ಎರಡು ಮೂರು ಗಡ್ಡೆ ಇದ್ದು, ಒಂದೊಂದಕ್ಕೂ ಬೇರೆ ಸಾಲು ಮಾಡಿದ್ದರೆ ಗ್ರೂಪ್‌ಕೆಫೋಲ್ಡ್ (ಒಬ್ಬರ ಸಾಲುಗಳನ್ನೆಲ್ಲ ಒಂದೇ ಭಾಗದಲ್ಲಿ ಇಡುವ ವಿಧಾನ) ಬಳಸಿ, ಇಲ್ಲದಿದ್ದರೆ ಅದೇ ಪೇಶೆಂಟ್ ಎರಡೂ ಕಡೆ ನುಸುಳುತ್ತಾರೆ.

ಎಂಟೆಕ್_ಪರದಾಟ:
ಒಬ್ಬರಿಗೆ ಒಂದೇ ಸಾಲು ಸರ್. ಲ್ಯಾಸೋ ಮಾತ್ರ ಮೊದಲೇ ಓಡಿಸಿದ್ದು. ಪೈಪ್‌ಲೈನ್‌ಗೆ ಹಾಕಿದ ಮೇಲೆ ಒಳಗಿನ ಎಯುಸಿ 0.7ಕ್ಕೆ ಇಳಿಯಿತು. ಹೊರಗಿನದು ಅಲ್ಲಾಡಿಲ್ಲ.

ರೇಡಿಯೋ_ಡಾಕ್ಟರಮ್ಮ:
0.7 ಅಂದರೆ ನಂಬಬಹುದಾದ ನಂಬರ್, ಬೇಜಾರು ಬೇಡ. ಈಗ ಫೇಸ್ ನೋಡಿ, ಅಂದರೆ ಕಾಂಟ್ರಾಸ್ಟ್ ಔಷಧಿ ಕೊಟ್ಟು ಎಷ್ಟು ಹೊತ್ತಿಗೆ ತೆಗೆದ ಸ್ಕ್ಯಾನ್ ಅಂತ. ಎಚ್‌ಸಿಸಿ ಸಾಮಾನ್ಯವಾಗಿ ಆರ್ಟೀರಿಯಲ್ ಫೇಸ್‌ನಲ್ಲಿ ಬೆಳ್ಳಗೆ ಹೊಳೆಯುತ್ತದೆ, ಪೋರ್ಟಲ್ ವೀನಸ್ ಫೇಸ್‌ನಲ್ಲಿ ಸುತ್ತಲಿನ ಲಿವರ್‌ಗಿಂತ ಕಪ್ಪಾಗುತ್ತದೆ. ಎರಡನ್ನೂ ಕಲಸಿದರೆ ಮಾಡೆಲ್ ಗಡ್ಡೆಯನ್ನಲ್ಲ, ಫೇಸನ್ನು ಕಲಿಯುತ್ತದೆ. ಡೈಕಾಮ್ ಅನ್ನುವ ಸ್ಕ್ಯಾನ್ ಫೈಲ್‌ನಲ್ಲಿ ಬರೆದ ಸೀರೀಸ್ ಹೆಸರನ್ನು ಸುಮ್ನೆ ನಂಬಬೇಡಿ, ತೆರೆದು ನೋಡಿ: ಅಯೋರ್ಟಾ ಫಳಫಳ ಅನ್ನುತ್ತಿದ್ದು, ಹೆಪಾಟಿಕ್ ವೇನ್‌ಗಳಿಗೆ (ಲಿವರ್‌ನಿಂದ ರಕ್ತ ಹೊರಗೊಯ್ಯುವ ನಾಳಗಳು) ಇನ್ನೂ ಕಾಂಟ್ರಾಸ್ಟ್ ತಲುಪಿಲ್ಲದಿದ್ದರೆ ಅದು ಆರ್ಟೀರಿಯಲ್.

ಸ್ಲೈಸ್ ದಪ್ಪವೂ ನೋಡಿ. ಒಂದು ಕಡೆ 1 ಮಿ.ಮೀ., ಇನ್ನೊಂದು ಕಡೆ 5 ಮಿ.ಮೀ. ಇದ್ದರೆ ಟೆಕ್ಸ್ಚರ್ ಫೀಚರ್‌ಗಳು (ಚಿತ್ರದ ನುಣುಪು-ಒರಟಿನ ಅಳತೆಗಳು) ಹೋಲಿಸುವುದಕ್ಕೇ ಬರುವುದಿಲ್ಲ. ಪೈರೇಡಿಯೋಮಿಕ್ಸ್ ತಾನಾಗಿ ರೀಸ್ಯಾಂಪಲ್ ಮಾಡುವುದಿಲ್ಲ (ಎಲ್ಲ ಸ್ಕ್ಯಾನನ್ನೂ ಒಂದೇ ಅಳತೆಗೆ ತರುವುದಿಲ್ಲ), ಸೆಟ್ಟಿಂಗ್‌ನಲ್ಲಿ ನೀವೇ ಹೇಳಬೇಕು.

ಇನ್ನೊಂದು ಮಾತು. ಬೇಗ ವಾಪಸ್ ಬರುವ ಕ್ಯಾನ್ಸರ್ ಹೆಚ್ಚಾಗಿ ಹಳೇ ಗಡ್ಡೆಯಿಂದಲೇ ಆಗಲೇ ಹರಡಿದ್ದು. ಅಂಚಿನ ಸಣ್ಣ ರಕ್ತನಾಳಗಳಿಗೆ ಕ್ಯಾನ್ಸರ್ ಹೊಕ್ಕಿದ್ದರೆ ಅಪಾಯ ಜಾಸ್ತಿ. ಅದಕ್ಕೇ ಗಡ್ಡೆಯ ಸುತ್ತ 10 ಮಿ.ಮೀ. ಅಂಚನ್ನೂ ತೆಗೆದುಕೊಳ್ಳಿ. ಆದರೆ ಲಿವರ್ ಮಾಸ್ಕ್‌ನಿಂದ (ಚಿತ್ರದಲ್ಲಿ ಲಿವರ್ ಅಂತ ಗುರುತಿಸಿದ ಜಾಗ) ಹೊರಗೆ ಹೋದ ಭಾಗ ಕತ್ತರಿಸಿ. ಗಡ್ಡೆ ಮೇಲ್ಗಡೆ ಇದ್ದರೆ ಶ್ವಾಸಕೋಶದ ಗಾಳಿಯೂ ಲೆಕ್ಕಕ್ಕೆ ಬಂದುಬಿಡುತ್ತದೆ.

ಎಂಟೆಕ್_ಪರದಾಟ:
ಮೇಡಂ, ಈಗ ತೆರೆದು ನೋಡಿದೆ. ನಮ್ಮದೆಲ್ಲ ಆರ್ಟೀರಿಯಲ್, ಅವರು ಕಳಿಸಿದ್ದರಲ್ಲಿ ಬಹುಪಾಲು ಪೋರ್ಟಲ್! ಆರ್ಟೀರಿಯಲ್ ಸೀರೀಸ್ ಕೇಳಿ ಮೇಲ್ ಹಾಕಿದ್ದೇನೆ.

ಪೈಥಾನ್_ಮಾವ:
ಅದು ಬರುವಷ್ಟರಲ್ಲಿ ಲೇಬಲ್ ನೋಡಿ. 8 ತಿಂಗಳಿಗೇ ಫಾಲೋಅಪ್ ಬಿಟ್ಟವರಿಗೆ ‘ಮರುಕಳಿಸಿಲ್ಲ’ ಅಂತ 0 ಹಾಕಿದ್ದೀರಾ? ಅವರಿಗೆ ಆಮೇಲೆ ಏನಾಯಿತೋ ಯಾರಿಗೆ ಗೊತ್ತು. ಅಂಥವರನ್ನು ಸೆನ್ಸರ್ಡ್ (ಅಲ್ಲಿಯವರೆಗಿನದು ಮಾತ್ರ ಗೊತ್ತು) ಅಂತ ಗುರುತಿಸಿ, ಎಷ್ಟು ದಿನಕ್ಕೆ ಮರುಕಳಿಸಿತು ಅನ್ನುವುದನ್ನೂ ಲೆಕ್ಕ ಹಾಕುವ ಕಾಕ್ಸ್ ಮಾಡೆಲ್‌ಗೆ ಹೋಗಿ, ಎಯುಸಿ ಬದಲು ಸಿ-ಇಂಡೆಕ್ಸ್ (ಯಾರಿಗೆ ಮೊದಲು ಬರುತ್ತದೆ ಅನ್ನುವ ಕ್ರಮ ಎಷ್ಟು ಸರಿ ಅಂತ ಹೇಳುವ ಅಂಕ) ನೋಡಿ. ಜೊತೆಗೆ ಗಡ್ಡೆಯ ಸೈಜು, ಎಷ್ಟು ಗಡ್ಡೆ, ಎಎಫ್‌ಪಿ (ಲಿವರ್ ಕ್ಯಾನ್ಸರ್‌ಗೆ ನೋಡುವ ರಕ್ತ ಪರೀಕ್ಷೆ) ಇಷ್ಟೇ ಹಾಕಿ ಒಂದು ಚಿಕ್ಕ ಮಾಡೆಲ್ ಓಡಿಸಿ. ಬಹಳಷ್ಟು ಟೆಕ್ಸ್ಚರ್ ಫೀಚರ್‌ಗಳು ಸೈಜನ್ನೇ ಬೇರೆ ವೇಷದಲ್ಲಿ ಹೇಳುತ್ತವೆ. ನಿಮ್ಮ ದೊಡ್ಡ ಮಾಡೆಲ್ ಇದನ್ನು ಸೋಲಿಸದಿದ್ದರೆ ಗೈಡ್ ಕೇಳುವ ಮೊದಲ ಪ್ರಶ್ನೆ ಅದೇ.