ಅಪ್‌ಡೇಟ್: ತಾತನ ಮಡಚುವ ಚಾಕು ಕೊನೆಗೂ ತೆರೆಯಿತು

ಮೂಡಿಗೆರೆಯ ಹಳೇ ಮನೆಯ ಅಟ್ಟದಲ್ಲಿ ಸಿಕ್ಕ, ತುಕ್ಕು ಹಿಡಿದು ಬಿಗಿದುಕೊಂಡಿದ್ದ ಚಾಕುವನ್ನು ಹಾಳಾಗದಂತೆ ತೆರೆಯುವುದು ಹೇಗೆ ಅಂತ ಇಲ್ಲಿ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು. ಉಪ್ಪುಕಾಗದ ಬೇಡ ಅಂತ ನೀವು ಹೇಳಿದ್ದಿರಿ, ಅದನ್ನು ಮುಟ್ಟಲಿಲ್ಲ. ಅಲಗು ಮಡಚುವ ಕೀಲಿಗೆ ಹೊಲಿಗೆ ಮಷೀನಿನ ಎಣ್ಣೆ ಬಿಟ್ಟು ಮೂರು ದಿನ ಸುಮ್ನೆ ಕಾದೆ. ನಾಲ್ಕನೇ ದಿನ ಟಕ್ ಅಂತ ತೆರೆಯಿತು!

ಅಲಗಿನ ಬುಡದಲ್ಲಿ ಒಂದು ನಕ್ಷತ್ರ, ಪಕ್ಕದಲ್ಲಿ ಮಾಲ್ಟೀಸ್ ಶಿಲುಬೆ. ಇಂಗ್ಲೆಂಡಿನ ಶೆಫೀಲ್ಡ್ ಊರಿನ ಜೋಸೆಫ್ ರಾಡ್ಜರ್ಸ್ ಕಂಪನಿಯ ಗುರುತು ಅದು. ಹಿಡಿ ಕಡವೆ ಕೊಂಬಿನದೇನೋ ಅಂತ ಹೆದರಿದ್ದೆ. ಅಲ್ಲ, ದನದ ಮೂಳೆ. ಕೊಂಬಿನ ಹಾಗೆ ಕಾಣಲಿ ಅಂತಲೇ ಗೀರು ಕೊರೆದಿದ್ದಾರೆ. ಅಲಗಿನ ಬೂದುನೀಲಿ ಬಣ್ಣವೂ ತುಕ್ಕಲ್ಲ, ಸ್ಟೇನ್‌ಲೆಸ್ ಅಲ್ಲದ ಕಾರ್ಬನ್ ಸ್ಟೀಲು ಬಳಸಿ ಬಳಸಿ ಬರುವಂಥದ್ದು. ಹಾಗೇ ಬಿಟ್ಟಿದ್ದೇನೆ.

ನಿನ್ನೆ ಅಪ್ಪ ಅದರಲ್ಲೇ ಕಿತ್ತಳೆ ಹೆಚ್ಚಿದರು. ಹುಳಿ ತಾಗಿ ಹೊಸದೊಂದು ಕಪ್ಪು ಕಲೆ!