'ಮೂಕಿ' ಅನ್ಬಹುದಾ ಇದನ್ನ?

ಎಲ್ರಿಗೂ ನಮಸ್ಕಾರ, ಒಂದು ಪದದ ಹತ್ರ ಸಿಕ್ಕಾಕ್ಕೊಂಡಿದೀನಿ. ಲಾಟ್ವಿಯಾದ ಗಿಂಟ್ಸ್ ಝಿಲ್ಬಲೋಡಿಸ್ ಮಾಡಿರೋ 'ಫ್ಲೋ' (2024) ಬಗ್ಗೆ ನಾಲ್ಕು ಸಾಲು ಬರೀತಿದ್ದೆ, ಅದೇ 2025ರಲ್ಲಿ ಆನಿಮೇಶನ್ ಆಸ್ಕರ್ ತಗೊಂಡಿದ್ದು. ನೀರು ಏರ್ತಾ ಏರ್ತಾ ಕಾಡೆಲ್ಲ ಮುಳುಗಿ ಒಂದು ಬೆಕ್ಕು ಹಾಯಿದೋಣಿ ಹತ್ತತ್ತೆ, ಅದರಲ್ಲಿ ಆಗ್ಲೇ ಒಂದು ಕ್ಯಾಪಿಬಾರಾ (ಇಲಿ ಜಾತಿಯ ದೊಡ್ಡ ಪ್ರಾಣಿ) ಕೂತಿರತ್ತೆ, ಆಮೇಲೆ ಲೆಮೂರ್, ನಾಯಿ, ಸೆಕ್ರೆಟರಿ ಹಕ್ಕಿ ಸೇರ್ಕೊಳ್ತವೆ, ಇಡೀ ಸಿನಿಮಾದಲ್ಲಿ ಮನುಷ್ಯರೂ ಇಲ್ಲ ಒಂದು ಮಾತೂ ಇಲ್ಲ.

ನಾನು 'ಮೂಕಿ ಚಿತ್ರ' ಅಂತ ಬರೆದೆ. ಓದಿದ ನಮ್ಮಕ್ಕ "ಅಂದ್ರೆ ಹಳೇ ಕಾಲದ್ದಾ, ಸೌಂಡೇ ಇಲ್ವಾ?" ಅಂದ್ಲು. ಸರೀನೇ, 1934ರ 'ಸತಿ ಸುಲೋಚನ' ಕನ್ನಡದ ಮೊದಲ ಟಾಕಿ, ಅದಕ್ಕೆ ಹಿಂದಿನವು ಮೂಕಿ ಅಂತ ತಾನೇ ನಾವು ಕೇಳ್ಕೊಂಡು ಬಂದಿರೋದು. ಇದರಲ್ಲೋ ಸದ್ದೇ ಜೀವ. ನಿಜವಾದ ಪ್ರಾಣಿಗಳ ದನೀನೇ ಬಳಸಿದಾರೆ, ಕ್ಯಾಪಿಬಾರಾದ ಅಸಲಿ ಕೀಚಲು ದನಿ ಆ ಸಾಧು ಮುಖಕ್ಕೆ ಹೊಂದಲ್ಲ ಅಂತ ಒಂಟೆಮರಿ ದನಿ ಹಾಕಿದಾರಂತೆ!

ಆದ್ರೆ ನಾಯಿ ರಾತ್ರಿಯೆಲ್ಲ ಬೊಗಳಿ ನಿದ್ದೆ ಕೆಡಿಸಿದ್ರೂ 'ಪಾಪ, ಮೂಕಪ್ರಾಣಿ' ಅಂತೀವಲ್ಲ? ಅಲ್ಲಿ ಮೂಕ ಅಂದ್ರೆ ದನಿ ಇಲ್ಲದ್ದಲ್ಲ, ಮಾತು ಬರದ್ದು. ಆ ಲೆಕ್ಕಕ್ಕೆ ಮೂಕ ಹೊಂದತ್ತೆ, ಮೂಕಿ ಮಾತ್ರ ಸೌಂಡಿಲ್ಲದ ಕಾಲಕ್ಕೆ ಅಂಟ್ಕೊಂಬಿಟ್ಟಿದೆ. 1987ರ 'ಪುಷ್ಪಕ ವಿಮಾನ'ದಲ್ಲೂ ಮಾತಿಲ್ಲ ಆದ್ರೆ ಸದ್ದಿದೆ, ಅದನ್ನ ನಮ್ಮನೇಲಿ ಮೂಕಿ ಅಂತಲೇ ಅನ್ನೋರು, ಯಾರಿಗೂ ಗೊಂದಲ ಆಗ್ತಿರ್ಲಿಲ್ಲ, ಕಮಲ್ ಹಾಸನ್ ಇದಾನೆ ಅಂದ್ರೆ ಹಳೇದಲ್ಲ ಅಂತ ಗೊತ್ತಾಗ್ತಿತ್ತೇನೋ.

'ಸಂಭಾಷಣಾರಹಿತ' ಸರ್ಕಾರಿ ಸುತ್ತೋಲೆ ಥರ ಇದೆ. 'ನಿಶ್ಶಬ್ದ' ತಪ್ಪೇ. 'ಮೌನಚಿತ್ರ' ಅಂದ್ರೆ ಮಾತು ಬಂದ್ರೂ ಬೇಕಂತ ಸುಮ್ನಿರೋದು ಅನ್ಸತ್ತೆ, ಬೆಕ್ಕು ಮೌನವ್ರತ ಹಿಡಿದ ಹಾಗೆ. ಸದ್ಯಕ್ಕೆ 'ಮಾತಿಲ್ಲದ ಸಿನಿಮಾ' ಅಂತ ಹಾಕಿದೀನಿ, ಅದು ವಿವರಣೆ ಆಯ್ತೇ ಹೊರತು ಹೆಸರಾಗ್ಲಿಲ್ಲ. ಅಂದ ಹಾಗೆ ಈ ಮೂಕಿ ಅನ್ನೋ ರೂಪ ಟಾಕಿಗೆ ಪ್ರಾಸ ಕೂಡಿಸಕ್ಕೆ ಆಮೇಲೆ ಹುಟ್ಟಿದ್ದಾ? ಹಳೇ ಪತ್ರಿಕೆಗಳಲ್ಲಿ ಯಾರಾದ್ರೂ ನೋಡಿದೀರಾ?

ಜತೆಗೆ ಇನ್ನೊಂದು. ಬೆಕ್ಕು ತೊಡೆ ಮೇಲೆ ಮಲಗಿ ಖುಷಿಗೆ ಗಂಟಲಲ್ಲಿ ಮಾಡತ್ತಲ್ಲ, ಆ ಸದ್ದಿಗೆ ನಾನು 'ಗುರುಗುಟ್ಟೋದು' ಅಂತೀನಿ, ನಾಯಿ ಸಿಟ್ಟಲ್ಲಿ ಮಾಡೋದಕ್ಕೂ ಅದೇ ಮಾತು. ಎರಡನ್ನೂ ಬೇರೆ ಬೇರೆ ಹೇಳೋ ಪದ ನಿಮ್ ಕಡೆ ಇದ್ರೆ ಯಾವ ಸೀಮೆದು ಅಂತಲೂ ಸೇರಿಸಿ ತಿಳಿಸಿ.